ಗೌಸ, ಬಿಡು

ತಾರಿಹಾಳ, ಹುಬ್ಬಳ್ಳಿ
14 ಅಕ್ಟೋಬರ್ 2024

ವಿಂಗ್ ಕಮಾಂಡರ್ ಗುರುಪಾದ ಅವರಿಗೆ ಗೌಸಮೊದ್ದೀನನ ಸಲಾಮು.

ಹೆಸರು ನೋಡಿದ ಕೂಡಲೇ ಹರಿಯಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಹರಿಯಿರಿ. ನೀವು ಧಾರವಾಡದಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಚಿಗರಿ ಬಸ್ಸು ಹತ್ತಿದರೆ ಮುಕ್ಕಾಲು ತಾಸಿನ ದಾರಿ. ಆದರೂ ಐವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಿಮಗೆ ಈಗ ಕಿವಿ ಕೇಳುವುದಿಲ್ಲ, ಫೋನು ಮುಟ್ಟುವುದಿಲ್ಲ ಎಂದು ಯಾರೋ ಹೇಳಿದರು. ಎದುರಿಗೆ ಬಂದು ನಿಲ್ಲಲು ನನಗೆ ಧೈರ್ಯವಿಲ್ಲ. ಹಾಗಾಗಿ ಕಾಗದ.

‘ನೀವು’ ಎಂದು ಬರೆದು ಬರೆದು ಆಗಲೇ ಕೈ ಸೋತಿತು. ಎಂಬತ್ತನೇ ವಯಸ್ಸಿನಲ್ಲಿ ಈ ನಾಟಕ ನನ್ನಿಂದ ಆಗದು. ಉತ್ತರದ ಆ ವಾಯುನೆಲೆಯ ಮೆಸ್ಸಿನಲ್ಲಿ ಬಿಸಿ ಚಹಾ ಕೈಮೇಲೆ ಚೆಲ್ಲಿಕೊಂಡು ನೀನು “ಯವ್ವಾ” ಎಂದಾಗ, ಆಚೆ ಮೇಜಿನಿಂದ “ಯಾವೂರಪಾ ನಿಂದು?” ಎಂದು ಕೇಳಿದವನು ನಾನು. ಅಮ್ಮಿನಬಾವಿ ಎಂದೆ ನೀನು. ಅವತ್ತಿನಿಂದ ನಮ್ಮ ನಡುವೆ ‘ನೀವು’ ಇರಲಿಲ್ಲ. ನೀನು ಪೈಲಟ್, ನಾನು ನ್ಯಾವಿಗೇಟರ್. ನಮ್ಮ ಕ್ಯಾನ್‌ಬೆರಾ ಬಾಂಬರಿನಲ್ಲಿ ಇಬ್ಬರೇ ಇಬ್ಬರು: ಮೇಲೆ ಗಾಜಿನ ಗುಮ್ಮಟದಲ್ಲಿ ನೀನು, ಕೆಳಗೆ ವಿಮಾನದ ಮೂಗಿನಲ್ಲಿ ಬೋರಲು ಮಲಗಿ ಬಾಂಬಿನ ಗುಂಡಿ ಹಿಡಿದ ನಾನು. ಇಂಟರ್‌ಕಾಮಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮವಿತ್ತು. ನಾವು ಆಡಿದ್ದೆಲ್ಲ ಕನ್ನಡ.

ಈಗ ಸುದ್ದಿಗೆ ಬರುತ್ತೇನೆ. ಇಲ್ಲಿ ಶಿವಯೋಗೀಶ ಎಂಬ ನಿವೃತ್ತ ಇತಿಹಾಸದ ಮಾಸ್ತರರಿದ್ದಾರೆ. ಒಂದು ಹೈಸ್ಕೂಲಿನ ಅಂಗಳದಲ್ಲಿ ಈ ಭಾಗದ ಸೈನಿಕರ ನೆನಪಿಗೆ ಕಲ್ಲು ನಿಲ್ಲಿಸುತ್ತಿದ್ದಾರೆ. ಡಿಸೆಂಬರ್ ಹದಿನಾರಕ್ಕೆ ಕಾರ್ಯಕ್ರಮ. ನಮ್ಮಿಬ್ಬರ ವೀರಚಕ್ರದ ಸಂಗತಿ ಕಲ್ಲಿನಲ್ಲಿ ಎಲ್ಲಕ್ಕೂ ಮೇಲೆ. ಮಾಸ್ತರರು ನೋಟುಬುಕ್ಕು ಹಿಡಿದು ನನ್ನ ಮಗ ಜಾವೀದನ ವರ್ಕ್‌ಶಾಪಿಗೇ ಬಂದರು. ಬಾಂಬು ಬೀಳುವ ಮೊದಲು ಪೈಲಟ್ ಸಾಹೇಬರು ಕಡೆಗೆ ಏನೆಂದರು ಎಂದು ಕೇಳಿದರು. ಮಾತಿನ ಭರದಲ್ಲಿ ಹೇಳಿಬಿಟ್ಟೆ: “‘ಗೌಸ, ಬಿಡು’ ಅಂದ್ರು.”

ಮಾಸ್ತರರು ಕೂತಲ್ಲಿಂದ ಎದ್ದರು. “ಲಡಾಯದಾಗ ಕನ್ನಡದ ಆಜ್ಞಾ ಅಂದ್ರ ಸಣ್ಣ ಮಾತಲ್ಲರಿ. ಇದನ್ನ ಕಲ್ಲಿನ್ಯಾಗ ಕೆತ್ತಸೂನು” ಎಂದರು. ಕಲ್ಲಿನ ಕೆಲಸದ ಹನುಮಪ್ಪನಿಗೆ ಹೇಳಿಯೂ ಆಗಿದೆ. ಡಿಸೆಂಬರ್ ಐದಕ್ಕೆ ಅವನು ಉಳಿ ಹಿಡಿಯುತ್ತಾನೆ.

ಅವತ್ತಿನಿಂದ ಆ ಶಬ್ದವನ್ನೇ ತಿರುವಿ ತಿರುವಿ ನೋಡುತ್ತಿದ್ದೇನೆ. ಎತ್ತಿನ ಹಗ್ಗ ಹಿಡಿದವನಿಗೆ ನಮ್ಮ ಜನ ‘ಬಿಡು’ ಎಂದರೆ ಕೈಯಿಂದ ಬಿಡು ಎಂದು. ಜಗಳಕ್ಕೆ ನಿಂತವನಿಗೆ ‘ಬಿಡು’ ಎಂದರೆ ಬೇಡ, ಹೋಗಲಿ ಎಂದು. ಶಬ್ದ ಒಂದೇ. ಎಪ್ಪತ್ತೊಂದರ ಯುದ್ಧದ ಆ ನಸುಕಿನಲ್ಲಿ, ಶತ್ರುವಿನ ರೈಲು ನಿಲ್ದಾಣದ ಮೇಲೆ ನೀನು ‘ಬಿಡು’ ಎಂದೆ, ನಾನು ಗುಂಡಿ ಒತ್ತಿದೆ. ಎಣ್ಣೆಯ ವ್ಯಾಗನ್ನುಗಳಿಗೆ ಬೆಂಕಿ ಬಿತ್ತು. ಮರುದಿನ ಬಂದ ಫೋಟೋದಲ್ಲಿ ವ್ಯಾಗನ್ನುಗಳ ಪಕ್ಕದ ಹಳಿಯ ಮೇಲೆ ಸುಟ್ಟ ಪ್ಯಾಸೆಂಜರ್ ಡಬ್ಬಿಗಳಿದ್ದವು. ಯಾರೂ ಆ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಹಾಕು ಎಂದೆಯೋ, ಬೇಡ ಎಂದೆಯೋ? ಒಂದು ಸಾಲು ಬರೆ. ಕಲ್ಲಿಗೆ ಉಳಿ ಬೀಳುವ ಮೊದಲು ನನಗೆ ಗೊತ್ತಾಗಬೇಕು.

ನಿನ್ನ
ಗೌಸಮೊದ್ದೀನ


ತಾರಿಹಾಳ
2 ನವೆಂಬರ್ 2024

ಗುರುಪಾದ,

ಹತ್ತೊಂಬತ್ತು ದಿನವಾಯಿತು. ಕಾಗದ ಮುಟ್ಟಿದೆ ಎಂದು ಅಂಚೆಯವರ ರಸೀದಿ ಹೇಳುತ್ತದೆ. ನಿನ್ನ ಬಾಯಿ ಮಾತ್ರ ಏನೂ ಹೇಳುವುದಿಲ್ಲ. ಹಳೆಯ ಚಾಳಿ.

1974ರಲ್ಲಿ ನನ್ನ ಮದುವೆಗೆ ಕರೆಯಲು ಅಮ್ಮಿನಬಾವಿಗೆ ಬಂದಿದ್ದೆ. ನಿನ್ನ ಚಪ್ಪಲಿ ಬಾಗಿಲಲ್ಲೇ ಇದ್ದವು. ನಿಮ್ಮವ್ವ ಮುರಿಗೆವ್ವ “ಅವ ಮನ್ಯಾಗ ಇಲ್ಲಪಾ” ಎಂದಳು. ಹೇಳುವಾಗ ನೆಲ ನೋಡುತ್ತಿದ್ದಳು. ಪಾಪ, ಆಕೆಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ನನ್ನ ಕೈಗೆ ಉಂಡಿ ಕಟ್ಟಿಕೊಟ್ಟು ಕಳಿಸಿದಳು. ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಇಳಿದು ಬರಿಗಾಲಲ್ಲಿ ಹೋಗುತ್ತಿದ್ದ ನಿನ್ನ ಬೆನ್ನು ನನಗೆ ಓಣಿಯ ತಿರುವಿನಿಂದ ಕಂಡಿತು. ಕೂಗಬೇಕೆಂದುಕೊಂಡೆ, ಕೂಗಲಿಲ್ಲ. ಅವತ್ತಿಗೆ ಮುಗಿಯಿತು.

ಜೀವ ಉಳಿಸಿದವನು ಯಾಕೆ ಮುಖ ತಪ್ಪಿಸುತ್ತಾನೆ ಎಂದು ಅವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ. ಉಳಿಸಿದ್ದು ನೀನೇ. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ತೋಪಿನ ಗುಂಡು ಬಡಿಯಿತು? ಹತ್ತು ಎಣಿಸುವಷ್ಟೂ ಇರಲಿಲ್ಲ. ಬಲಗಡೆ ಎಂಜಿನ್ ಹೋಯಿತು, ನನ್ನ ಮೊಣಕಾಲಿನ ಕೆಳಗಿನ ಎಲುಬು ಪುಡಿಯಾಯಿತು. ನಿನ್ನ ಸೀಟಿಗೆ ಒಂದು ಹಿಡಿಕೆಯಿತ್ತು. ಎಳೆದರೆ ನಿನ್ನನ್ನು ಸೀಟಿನ ಸಮೇತ ಆಕಾಶಕ್ಕೆ ಎಸೆಯುತ್ತಿತ್ತು, ಪ್ಯಾರಾಶೂಟು ಬಿಚ್ಚಿ ಬದುಕುತ್ತಿದ್ದೆ. ನ್ಯಾವಿಗೇಟರನಿಗೆ ಆ ಸೀಟೇ ಇರಲಿಲ್ಲ. ಪಕ್ಕದ ಬಾಗಿಲಿನಿಂದ ಜಿಗಿಯಬೇಕು, ಮುರಿದ ಕಾಲಿನವನು ಎಲ್ಲಿ ಜಿಗಿದಾನು? ನೀನೇ ಹೋಗು ಎಂದು ಚೀರಿದೆ. “ಸುಮ್ನ ಬಿದ್ಕೊಂಡು ದಾರಿ ಹೇಳು” ಎಂದೆ ನೀನು. ನಾನು ಸ್ಟಾಪ್‌ವಾಚು, ರಕ್ತ ಮೆತ್ತಿದ ನಕಾಶೆ ಹಿಡಿದು ಎಡ ಬಲ ಹೇಳುತ್ತ ಹೋದೆ. ನೀನು ಒಂದೇ ಎಂಜಿನ್ನಿನಲ್ಲಿ ತಂದು ಇಳಿಸಿದೆ. ನನ್ನ ವೀರಚಕ್ರದ ಕಾಗದದಲ್ಲಿ ‘ಗಾಯಗೊಂಡರೂ ಎದೆಗುಂದದೆ’ ಎಂದು ಬರೆದಿದ್ದಾರೆ. ಆ ಎದೆ ನನಗೆ ನಿನ್ನಿಂದ ಬಂತು.

ಮೊನ್ನೆ ಹನುಮಪ್ಪ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ‘ಬಿಡು’ ಎಂಬ ಎರಡು ಅಕ್ಷರ ಬರೆದು ಅಳತೆ ನೋಡುತ್ತಿದ್ದ. ಗೇಣುದ್ದದ ಅಕ್ಷರಗಳು. ನಿಂತು ನೋಡಲಾಗದೆ ಮನೆಗೆ ಬಂದೆ. ಮಾಸ್ತರರು ಭಾಷಣಕ್ಕೆ ತಯಾರಾಗು ಎನ್ನುತ್ತಾರೆ. ನೀನು ಏನೂ ಬರೆಯದಿದ್ದರೆ ನಾನು ಆ ವೇದಿಕೆ ಹತ್ತಿ ಏನು ಮಾತಾಡಲಿ? ಬೈದಾದರೂ ಬರೆ.

ಗೌಸ


ಧಾರವಾಡ
9 ನವೆಂಬರ್ 2024

ಗೌಸಮೊದ್ದೀನ ಕಾಕಾ ಅವರಿಗೆ ನಮಸ್ಕಾರಗಳು.

ನಾನು ಭಾಗ್ಯಶ್ರೀ, ಗುರುಪಾದ ಅವರ ಮಗಳು. ನಿಮ್ಮನ್ನು ನೋಡಿಲ್ಲ. ನಮ್ಮ ನಡುಮನೆಯಲ್ಲಿರುವ ಫೋಟೋದಲ್ಲಿ ಅಪ್ಪಾಜಿಯ ಪಕ್ಕ ನಗುತ್ತ ನಿಂತವರು ನೀವೇ ಎಂದು ಅವ್ವ ಹೇಳುತ್ತಿದ್ದಳು. ಅಷ್ಟೇ ಪರಿಚಯ.

ಕಾಕಾ, ತಪ್ಪು ತಿಳಿಯಬೇಡಿ. ದಯವಿಟ್ಟು ಇನ್ನು ಬರೆಯಬೇಡಿ. ನಿಮ್ಮ ಮೊದಲನೇ ಕಾಗದ ಬಂದ ದಿನದಿಂದ ಅಪ್ಪಾಜಿ ಸರಿಯಾಗಿ ಉಣ್ಣುತ್ತಿಲ್ಲ. ಎರಡನೇ ಕಾಗದ ಬಂದ ಮೇಲೆ ರಕ್ತದ ಒತ್ತಡ ಏರಿ ಎರಡು ದಿನ ದವಾಖಾನೆಯಲ್ಲಿಟ್ಟಿದ್ದೆವು. ಮೇಜಿನ ಮುಂದೆ ಕೂತು ಒಂದು ಸಾಲು ಬರೆಯುತ್ತಾರೆ, ಹರಿಯುತ್ತಾರೆ. ಬುಟ್ಟಿಯಲ್ಲಿ ಬಿದ್ದ ಚೂರುಗಳನ್ನು ನಾನು ಕೂಡಿಸಿ ನೋಡಿದೆ, ತಪ್ಪು ಮಾಡಿದೆ. ಎಲ್ಲದರಲ್ಲೂ ‘ಪ್ರಿಯ ಗೌಸ’ ಎಂದಷ್ಟೇ ಇತ್ತು.

ನಿಮ್ಮ ಕಾಗದಗಳನ್ನೂ ಓದಿದೆ. ಓದಿ ನನಗೆ ಒಂದು ಸಂಗತಿ ಗೊತ್ತಾಯಿತು, ಅದನ್ನು ಹೇಳದೆ ಇರಲಾರೆ. ನಾವು ಸಣ್ಣವರಿದ್ದಾಗ ಅಪ್ಪಾಜಿಯ ಬಾಯಿಂದ ಒಂದು ಶಬ್ದ ಹೇಳಿಸುವುದೇ ಮನೆಯಲ್ಲಿ ಆಟವಾಗಿತ್ತು. ಗಾಳಿಪಟದ ದಾರ ಬಿಡು ಎನ್ನದೆ ‘ಸಡ್ಲ ಮಾಡು’ ಎನ್ನುತ್ತಿದ್ದರು. ಹೋಗಲಿ ಬಿಡು ಎನ್ನದೆ ‘ಹೋಗ್ಲಿ’ ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನೂ ಅಣ್ಣ ಪರಮೇಶನೂ ಏನೆಲ್ಲ ಉಪಾಯ ಮಾಡಿದರೂ ಸೋಲುತ್ತಿದ್ದೆವು. ಅವ್ವ ಒಮ್ಮೆ ಬಹಳ ನಕ್ಕು, “ನಿಮ್ಮಪ್ಪನ ಕನ್ನಡಕ್ಕ ಒಂದು ಹಲ್ಲ ಇಲ್ಲ” ಎಂದಿದ್ದಳು. ಅದು ನಗುವ ಸಂಗತಿ ಅಲ್ಲವೆಂದು ನನಗೆ ಈ ವಾರ ತಿಳಿಯಿತು.

ಅಪ್ಪಾಜಿಗೆ ಎಂಬತ್ತೊಂದು. ಆ ಕಲ್ಲಿನ ಮೇಲೆ ಏನು ಬೇಕೋ ಕೆತ್ತಿಸಿ. ಅವರನ್ನು ಮಾತ್ರ ಕೇಳಬೇಡಿ.

ನಿಮ್ಮ ಮಗಳ ಹಾಗೆ,
ಭಾಗ್ಯಶ್ರೀ


ಧಾರವಾಡ
18 ನವೆಂಬರ್ 2024

ಪ್ರಿಯ ಗೌಸ,

ಮಗಳು ನಿನಗೆ ಬರೆದಳೆಂದು ನಿನ್ನೆ ಒಪ್ಪಿಕೊಂಡಳು. ಆಕೆಯ ಮೇಲೆ ಸಿಟ್ಟಾಗಬೇಡ. ನಾನು ಚೆನ್ನಾಗಿದ್ದೇನೆ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಬೇಡ ಎಂದೆ.

ನಿನ್ನ ಕಣ್ಣು ಗುರಿಯ ಗಾಜಿಗೆ ಅಂಟಿತ್ತು. ನಿನಗೆ ವ್ಯಾಗನ್ನುಗಳಷ್ಟೇ ಕಾಣುತ್ತಿದ್ದವು. ನನಗೆ ಗುಮ್ಮಟದಿಂದ ಎಡಗಡೆಯೆಲ್ಲ ಕಾಣುತ್ತಿತ್ತು. ತಗ್ಗಿನಲ್ಲಿ ಹಾರುತ್ತಿದ್ದೆವು. ಪಕ್ಕದ ಹಳಿಯ ಮೇಲೆ ಪ್ಯಾಸೆಂಜರ್ ಗಾಡಿ ನಿಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಜನ ಗಂಟುಗಳ ಮೇಲೆ ಕೂತಿದ್ದರು. ಊರು ತೊರೆದು ಹೊರಟವರಿರಬೇಕು. ಹಳದಿ ಓಢಣಿಯ ಹೆಂಗಸೊಬ್ಬಳು ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡಿದಳು. ಆಗ ‘ಬಿಡು’ ಎಂದೆ. ಆ ಶಬ್ದ ನಾನು ಕಡೆಯ ಸಲ ಆಡಿದ್ದು ಅಂದು. ಇವತ್ತು ಬರೆಯುತ್ತಿದ್ದೇನೆ.

ತಪ್ಪು ನನ್ನದು. ನಿಯಮದಂತೆ ಇಂಗ್ಲಿಷಿನಲ್ಲಿ ಹೇಳಿದ್ದರೆ ಎರಡು ಅರ್ಥಕ್ಕೆ ಜಾಗ ಇರುತ್ತಿರಲಿಲ್ಲ. ಅದಲ್ಲದೆ ನಿಮ್ಮ ಮನೆಯ ಮಾತು ಉರ್ದು. ಎಷ್ಟು ಚಲೋ ಕನ್ನಡ ಆಡಿದರೂ ಇಂಥ ಶಬ್ದದ ಒಳಗು ತೊಟ್ಟಿಲಿನಿಂದ ಕೇಳಿ ಬೆಳೆದವನಿಗಷ್ಟೇ ಆ ಕ್ಷಣದಲ್ಲಿ ಹೊಳೆಯುತ್ತದೆ. ಅದು ನಿನ್ನ ತಪ್ಪಲ್ಲ. ನಾನು ಅದನ್ನು ನೆನಪಿಡಬೇಕಿತ್ತು.

ಇಳಿದ ಮೇಲೆ ನಿನ್ನನ್ನು ಆಸ್ಪತ್ರೆಗೆ ಒಯ್ದರು. ವಿಚಾರಣೆಯ ಕೋಣೆಯಲ್ಲಿ ನಾನೊಬ್ಬನೇ. ಬಾಂಬು ಹಾಕಲು ಆಜ್ಞೆ ಕೊಟ್ಟವನು ನಾನು ಎಂದು ಬರೆಸಿದೆ. ಸುಳ್ಳು ಎನ್ನುವಂತಿರಲಿಲ್ಲ.

ಮುಖ ಯಾಕೆ ತಪ್ಪಿಸಿದೆ ಎಂದು ಕೇಳಿದ್ದೀ. ನಿನ್ನನ್ನು ಕಂಡರೆ ಎಂದಾದರೂ ಒಂದು ದಿನ ಹೇಳಿಯೇನು ಎಂಬ ಅಂಜಿಕೆ. ಹೇಳಿದರೆ ನೀನು ಆ ಪ್ಲಾಟ್‌ಫಾರ್ಮನ್ನು ಬದುಕಿನುದ್ದಕ್ಕೂ ಹೊರುತ್ತಿದ್ದೆ. ನಿನ್ನ ಕೈ ಒತ್ತಿದ್ದು ನನ್ನ ಮಾತು ಕೇಳಿ. ಹೊರುವುದು ಒಬ್ಬನಿಗೆ ಸಾಕು ಎಂದುಕೊಂಡೆ. ಅಂದು ಬರಿಗಾಲಲ್ಲಿ ಹೊಲ ದಾಟಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ನೀನು ಹೋಗುವ ತನಕ ಅತ್ತೆ.

ಈಗ ನೀನೇ ಕೇಳಿದ್ದರಿಂದ ಹೇಳಬೇಕಾಯಿತು. ಕಲ್ಲಿನ ಮೇಲೆ ಆ ಶಬ್ದ ಬೇಡ ಎಂದು ಮಾಸ್ತರರಿಗೆ ತಿಳಿಸು. ಕಾರಣ ಹೇಳಬೇಕಿಲ್ಲ. ಕಾರ್ಯಕ್ರಮಕ್ಕೆ ನೀನು ಹೋಗು, ನಿನ್ನ ವೀರಚಕ್ರ ಹಾಕಿಕೊಂಡು ಹೋಗು. ನಿನ್ನದು ನ್ಯಾಯವಾಗಿ ಬಂದದ್ದು.

ನಿನ್ನ
ಗುರುಪಾದ


ತಾರಿಹಾಳ
25 ನವೆಂಬರ್ 2024

ಗುರುಪಾದ,

ನಿನ್ನ ಕಾಗದ ಬಂದು ನಾಲ್ಕು ದಿನ. ಉತ್ತರ ಬರೆಯದೆ ಇದ್ದುಬಿಡಬಹುದಿತ್ತು. ನೀನು ನನ್ನನ್ನು ಪೂರ್ತಿ ಮಾಫ್ ಮಾಡಿ, ಅದಕ್ಕೆ ಕಾರಣವನ್ನೂ ಹುಡುಕಿ ಕೈಯಲ್ಲಿಟ್ಟಿದ್ದೀ. ಮಡಚಿ ಕಿಸೆಯಲ್ಲಿಟ್ಟುಕೊಂಡರೆ ಸಾಕಿತ್ತು. ಅದೇ ಯೋಚನೆಯಲ್ಲಿದ್ದೆ. ಆದರೆ ‘ನಿಮ್ಮ ಮನೆಯ ಮಾತು ಉರ್ದು’ ಎಂಬ ಸಾಲು ಓದಿದಾಗಲೆಲ್ಲ ಮೈ ಉರಿಯುತ್ತದೆ.

ಯಾರಿಗೆ ಹೇಳುತ್ತೀ? ನಮ್ಮಮ್ಮ ಖಾತುನಬಿ ದುರ್ಗದ ಬೈಲಿನಲ್ಲಿ ಕಾಯಿಪಲ್ಲೆ ಮಾರುತ್ತ ದಿನಕ್ಕೆ ನೂರು ಸಲ ‘ಬಿಡವಾ’, ‘ಬಿಡಪಾ’ ಎನ್ನುತ್ತಿದ್ದಳು. ನಾನು ಆಕೆಯ ಬುಟ್ಟಿಯ ಪಕ್ಕ ಬೆಳೆದವನು. ಏಳನೇ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಕನ್ನಡಕ್ಕೆ ಕೇಂದ್ರಕ್ಕೇ ಮೊದಲು ಬಂದವನು. ನಿನ್ನ ಕಾಗುಣಿತದ ತಪ್ಪುಗಳನ್ನು ಮೆಸ್ಸಿನಲ್ಲಿ ತಿದ್ದುತ್ತಿದ್ದವನು ಯಾರು? ಆ ಶಬ್ದದ ಒಳಗು ಹೊರಗು ನಿನ್ನಷ್ಟೇ ನನಗೂ ಗೊತ್ತು. ಉರ್ದು ಮನೆಯವನು ಎಂದು ನನಗೆ ಮಾಫಿ ಕೊಡಬೇಡ. ಅದು ನನಗೆ ಬೇಡ.

ನಿನ್ನ ಮಾತು ನನಗೆ ತಿಳಿದಿತ್ತು.

ಬರೆದೆ. ಈಗ ಉಳಿದದ್ದನ್ನೂ ಬರೆಯುತ್ತೇನೆ. ಗುರಿಯ ಮೇಲಿನ ಓಟದಲ್ಲಿ ಮಾತೆಲ್ಲ ಮೂಗಿನಲ್ಲಿ ಮಲಗಿದವನದು. ಎಡಕ್ಕೆ, ಬಲಕ್ಕೆ, ಹಾಂಗೇ ಇರಲಿ ಎನ್ನುವವನು ನಾನು. ಗುಂಡಿ ಒತ್ತುವ ಗಳಿಗೆ ಆರಿಸುವವನೂ ನಾನು. ಪೈಲಟ್ ತುಟಿ ಹೊಲಿದುಕೊಂಡು ವಿಮಾನ ನೆಟ್ಟಗೆ ಹಿಡಿಯಬೇಕು. ಅವನು ಬಾಯಿ ತೆರೆಯುವುದು ಒಂದಕ್ಕೇ, ನಿಲ್ಲಿಸಲಿಕ್ಕೆ. ಹಾಕು ಎಂದು ಹೇಳುವ ಕೆಲಸವೇ ನಿನಗಿರಲಿಲ್ಲ. ಇಷ್ಟು ನಿನಗೆ ಹೊಳೆದಿಲ್ಲವೆಂದರೆ ನಾನು ನಂಬುವುದಿಲ್ಲ. ಹೊಳೆದಿದೆ, ನನ್ನ ಮೇಲಿನ ಮಾಯೆ ಮಮತೆಗೆ ಬದಿಗೆ ಸರಿಸಿದ್ದೀ.

ಜನರನ್ನು ನಾನು ನೋಡಲಿಲ್ಲ, ಅದು ಖರೇ. ಆದರೆ ‘ಗೌಸ, ಬಿಡು’ ಎಂದು ಕೇಳಿಸಿತು. ಬೇಡ ಎನ್ನುತ್ತಿದ್ದಾನೆ ಎಂದು ತಿಳಿಯಿತು. ಅದೇ ಗಳಿಗೆಯಲ್ಲಿ ಇನ್ನೊಂದು ಯೋಚನೆಯೂ ಬಂತು: ಈಗ ಹಾಕದಿದ್ದರೆ ಇವನು ತಿರುಗಿ ಬರುತ್ತಾನೆ. ಎರಡನೇ ಸುತ್ತಿಗೆ ಕೆಳಗಿನ ತೋಪುಗಳೆಲ್ಲ ಎದ್ದು ಕೂತಿರುತ್ತವೆ. ಇವನಿಗೆ ಸೀಟಿದೆ, ಹಿಡಿಕೆ ಎಳೆದು ಹೋಗುತ್ತಾನೆ. ನಾನು ಈ ಡಬ್ಬಿಯೊಳಗೇ ಸುಟ್ಟುಹೋಗುತ್ತೇನೆ. ಹೆದರಿ ಒತ್ತಿದೆ, ಗುರುಪಾದ. ಮುಗಿಸಿ ಮನೆಗೆ ಹೋಗಬೇಕಿತ್ತು ನನಗೆ.

ಗುಂಡು ಬಡಿದ ಮೇಲೆ ನೀನು ಹಿಡಿಕೆ ಎಳೆಯಲಿಲ್ಲ. ನನಗೆ ಸೀಟಿಲ್ಲವೆಂದು ನೀನೂ ಕೂತೆ.

ನೀನು ಮುಖ ತಪ್ಪಿಸಿದ್ದು ನನ್ನ ಹೇಡಿತನ ಗೊತ್ತಾಗಿ, ನನ್ನ ಮೇಲೆ ಹೇಸಿಗೆಯಾಗಿ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಈಗಲೂ ನಿನ್ನನ್ನು ಕೇಳಿದ್ದು ಸತ್ಯ ಬೇಕೆಂದಲ್ಲ. ‘ಹಾಕು ಎಂದೆ’ ಎಂದು ನೀನು ಬರೆದುಕೊಟ್ಟರೆ ಅದನ್ನೇ ಕಲ್ಲಿನಲ್ಲಿ ಕೆತ್ತಿಸಿ ನಿಶ್ಚಿಂತೆಯಿಂದ ಸಾಯೋಣ ಎಂಬ ಆಸೆ ಇತ್ತು. ನೀನು ನನಗಾಗಿ ನಾಲಿಗೆ ಕಟ್ಟಿಕೊಂಡು ಕೂತಿದ್ದೀ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಾನ ಆಣೆ, ಗೊತ್ತಿರಲಿಲ್ಲ.

ಗೌಸ


ಧಾರವಾಡ
1 ಡಿಸೆಂಬರ್ 2024

ಗೌಸಮೊದ್ದೀನ,

ಕಾಗದ ಓದಿದೆ. ಸಿಟ್ಟು ಬಂದಿದೆ. ಇಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

ನನ್ನ ಹೆಂಡತಿ ನಾಗರತ್ನಾ ಹೋಗಿ ಆರು ವರ್ಷವಾಯಿತು. ಕಡೆಯ ದಿನ ದವಾಖಾನೆಯಲ್ಲಿ ಕೈ ಹಿಡಿದುಕೊಂಡು, “ನಾ ಇಲ್ಲದ ನೀವು ಹ್ಯಾಂಗ ಇರ್ತೀರಿ?” ಎಂದು ಅತ್ತಳು. ಯಾರಾದರೂ ಇರಲಿ, ‘ಅಳಬ್ಯಾಡ, ಬಿಡು’ ಎನ್ನುತ್ತಿದ್ದರು. ನನ್ನ ಬಾಯಿಗೆ ಬಂತು, ನುಂಗಿದೆ. ಅಷ್ಟರಲ್ಲಿ ಆಕೆಯ ಕಣ್ಣು ಮುಚ್ಚಿತು. ಐವತ್ಮೂರು ವರ್ಷ ಒಂದು ಶಬ್ದಕ್ಕೆ ಅಂಜಿ ಬಾಳಿದವನು ನಾನು. ಅಂಜಬೇಕಾಗಿಯೇ ಇರಲಿಲ್ಲ ಎಂದು ನೀನು ಈಗ ಬರೆಯುತ್ತೀ.

ಆದರೂ ನನಗೆ ಪೂರ್ತಿ ನಂಬಿಕೆಯಾಗುತ್ತಿಲ್ಲ. ನನ್ನ ಭಾರ ಇಳಿಸಲು ನೀನು ಸುಳ್ಳು ಕಟ್ಟಿರಬಹುದು. ನೀನು ಅಂಥವನೇ. ಅದಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ. ಅಂದು ನಾನು ನಿಯಮದಂತೆ ಇಂಗ್ಲಿಷಿನಲ್ಲಿ ‘ಸ್ಟಾಪ್’ ಎಂದು ಕೂಗಿದ್ದರೆ ನಿನ್ನ ಬೆರಳು ನಿಲ್ಲುತ್ತಿತ್ತೇ?

ಖರೇ ಬರೆ.

ಗುರುಪಾದ


ಧಾರವಾಡ
4 ಡಿಸೆಂಬರ್ 2024

ಗುರುಪಾದ,

ಇಲ್ಲ.

ಇಂಗ್ಲಿಷಿನಲ್ಲಿ ಕೂಗಿದ್ದರೂ ಒತ್ತುತ್ತಿದ್ದೆ. ಉರ್ದುವಿನಲ್ಲಿ ಕೂಗಿದ್ದರೂ ಒತ್ತುತ್ತಿದ್ದೆ. ನಿನ್ನ ನಾಲಿಗೆ ಏನೂ ತಪ್ಪು ಮಾಡಲಿಲ್ಲ. ನೀನು ಸರಿಯಾಗಿ ಹೇಳಿದೆ, ನಾನು ಸರಿಯಾಗಿ ಕೇಳಿದೆ.

ಇದು ಸುಳ್ಳಲ್ಲ ಎನ್ನುವುದಕ್ಕೆ ಸಾಕ್ಷಿ ಇದೊಂದೇ. ನಿನ್ನೆ ಶಿವಯೋಗೀಶ ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ನೋಟುಬುಕ್ಕು ಮುಚ್ಚಿಟ್ಟರು. ಆಮೇಲೆ, “ಇದನ್ನ ಈಗ್ಯಾಕ ಹೇಳಿದ್ರಿ? ಯಾರು ಕೇಳ್ತಿದ್ರು ನಿಮ್ಮನ್ನ?” ಎಂದರು. ಗುರುಪಾದ ಕೇಳಿದ್ದಾನೆ ಎಂದೆ. ಕಲ್ಲಿನ ಮೇಲಿಂದ ಆ ಶಬ್ದವನ್ನೂ ನನ್ನ ಹೆಸರನ್ನೂ ತೆಗೆಸಲು ಹೇಳಿದ್ದೇನೆ. ನಿನ್ನ ಹೆಸರು ಇರಲಿ ಎಂದೆ. ಜೊತೆಗಾರನಿಗೆ ಸೀಟಿಲ್ಲವೆಂದು ತಾನೂ ಹಾರದೆ ಉಳಿದವನ ಹೆಸರು ಕಲ್ಲಿನ ಮೇಲೆ ಇರಬೇಕು.

ಮನೆಯಲ್ಲಿ ಹೆಂಡತಿ ಅಖ್ತರಬೇಗಂಗೂ ಜಾವೀದನಿಗೂ ಹೇಳಿದೆ. ಜಾವೀದ ಎದ್ದು ಹೊರಗೆ ಹೋದ. ಅಖ್ತರಬೇಗಂ ಇವತ್ತು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಕೊಟ್ಟು, ಮೊದಲು ಅವರ ಮನೆಗೆ ಹೋಗಿ ಬಾ ಎಂದಳು.

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಿಮ್ಮ ಕಂಪೌಂಡಿನ ಗೋಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬಾಗಿಲಲ್ಲಿ ನಿಂತ ಹೆಂಗಸು ಭಾಗ್ಯಶ್ರೀ ಇರಬೇಕು, ನನ್ನನ್ನೇ ನೋಡುತ್ತಿದ್ದಾಳೆ. ಆಕೆಯ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಇಲ್ಲೇ ನಿಂತಿರುತ್ತೇನೆ. ಬೈಯುವುದಿದ್ದರೆ ಹೊರಗೆ ಬಂದು ಬೈ. ನಿನಗೆ ಕಿವಿ ಕೇಳದಿದ್ದರೂ ನನಗಿನ್ನೂ ಕೇಳುತ್ತದೆ.

ಗೌಸ